ಕೊಮೋರಿಯವರ ಗಡಿಯಾರ ಆಸ್ಪತ್ರೆ

ಕೊಮೋರಿ ತೆಯಿಜಿಯವರು ಸಿಮೆಂಟ್ ಕಂಪನಿಯ ಆಡಳಿತ ವಿಭಾಗದಲ್ಲಿ ಪ್ರಾಯವನ್ನೆಲ್ಲ ಸವೆಸಿ, ಅರವತ್ತಕ್ಕೆ ನಿವೃತ್ತರಾಗಿ ಮನೆಗೆ ಬಂದು ಕೂತಾಗ ಹೆಂಡತಿ ನೊಬುಕೊಗೆ ಮೊದಲು ಆದದ್ದು ಗಾಬರಿ. ಗಂಡ ಎಂದರೆ ಬೆಳಿಗ್ಗೆ ಹೋಗಿ ರಾತ್ರಿ ಬರುವವನು ಎಂದುಕೊಂಡೇ ಅವಳು ಸಂಸಾರ ನಡೆಸಿದ್ದಳು. ಈಗ ನೋಡಿದರೆ ಹಾಡಹಗಲಲ್ಲೂ ಮನೆಯೊಳಗೊಬ್ಬ ಗಂಡಸು. ಅಡುಗೆಮನೆಗೆ ಹೋದರೆ ಅಡುಗೆಮನೆಗೆ ಬರುತ್ತಾರೆ. ಬಟ್ಟೆ ಒಣಹಾಕಲು ಹೋದರೆ ಬೆನ್ನ ಹಿಂದೆ ನಿಂತು, "ಕೆಂಪು ಕ್ಲಿಪ್ಪು ಒಂದು, ನೀಲಿ ಕ್ಲಿಪ್ಪು ಒಂದು ಹಾಕಿದ್ದೀಯಲ್ಲ, ಇದಕ್ಕೊಂದು ಪದ್ಧತಿ ಬೇಡ್ವಾ?" ಎನ್ನುತ್ತಾರೆ. ಫ್ರಿಜ್ಜಿನಲ್ಲಿ ಬಾಡಿ ಮಲಗಿದ ಮೂಲಂಗಿಗೂ ಯಾರಾದರೊಬ್ಬರು ಜವಾಬ್ದಾರರು ಇರಲೇಬೇಕು ಎಂಬುದು ಅವರ ವಾದ. ಇಂಥ ಗಂಡಂದಿರಿಗೆ ಹೆಂಗಸರು ಒದ್ದೆ ತರಗೆಲೆ ಎಂದು ಹೆಸರಿಟ್ಟಿದ್ದಾರೆ. ಎಷ್ಟು ಗುಡಿಸಿದರೂ ಪೊರಕೆಗೆ ಬರುವುದಿಲ್ಲ, ನೆಲ ಬಿಡುವುದಿಲ್ಲ.

ಹಾಗಾಗಿ ತಮ್ಮ ಊರಾದ ಮಾತ್ಸುಯೆಯ ಸಾಂಸ್ಕೃತಿಕ ಕೇಂದ್ರದಲ್ಲಿ ಹಿರಿಯರಿಗಾಗಿ ಹವ್ಯಾಸದ ತರಗತಿಗಳು ಶುರುವಾದಾಗ ನೊಬುಕೊ ಅವರನ್ನು ಹೆಚ್ಚುಕಡಿಮೆ ಕತ್ತು ಹಿಡಿದೇ ಕಳಿಸಿದಳು. ಶಾವಿಗೆ ಹೊಸೆಯುವುದು ಕಲಿತರೆ ಮನೆಗೂ ಉಪಯೋಗ ಎಂದು ಅವಳ ಆಸೆ. ತೆಯಿಜಿಯವರು ಆರಿಸಿಕೊಂಡದ್ದು ಹಳೆಯ ಕೈಗಡಿಯಾರ ರಿಪೇರಿಯನ್ನು. ಮೇಜಿನ ಮೇಲೆ ಚಿಮಟ, ಸ್ಕ್ರೂ ಡ್ರೈವರ್, ಎಣ್ಣೆಯ ಬಟ್ಟಲು ಸಾಲಾಗಿ ಶಿಸ್ತಿನಿಂದ ಕೂತಿದ್ದವಂತೆ. ಅದನ್ನು ಕಂಡು ಅವರಿಗೆ ತಮ್ಮ ಆಫೀಸೇ ಸಿಕ್ಕಂತಾಯಿತಂತೆ. ನೊಬುಕೊ ಅಂದು ಹಬ್ಬಕ್ಕೆ ಮಾಡುವ ಕೆಂಪು ಅನ್ನ ಮಾಡಿದಳು. ಶಾವಿಗೆಯಾದರೇನು, ಗಡಿಯಾರವಾದರೇನು, ಗಂಡ ಒಂದು ಮೂಲೆಯಲ್ಲಿ ಕೂತನಲ್ಲ.

ಬ್ಯಾಟರಿ ಗಡಿಯಾರಗಳು ಬಂದು ವರ್ಷಗಳೇ ಆಗಿದ್ದ ಕಾಲ ಅದು. ಪ್ರತಿ ಮನೆಯ ಡ್ರಾಯರಿನಲ್ಲೂ ಕೀಲಿ ಕೊಡುವ ಹಳೆಯ ಗಡಿಯಾರವೊಂದು ನಿಂತು ಹೋಗಿ ಮಲಗಿತ್ತು. ನೊಬುಕೊಳದೂ ಒಂದಿತ್ತು. ಮದುವೆಗೆ ಮುಂಚೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು, ಹುಣಸೆ ಬೀಜದಷ್ಟು ಪುಟ್ಟದು. ತೆಯಿಜಿಯವರು ಮೊದಲು ಬಿಚ್ಚಿದ್ದು ಅದನ್ನೇ. ಬಿಚ್ಚಿದ ಗಳಿಗೆಯಲ್ಲೇ ಒಳಗಿನ ಸ್ಪ್ರಿಂಗೊಂದು ಟಣ್ಣನೆ ಹಾರಿ ಚಾಪೆಯ ಸಂದಿಗೆ ಹೋಯಿತು. ಗಂಡಹೆಂಡಿರಿಬ್ಬರೂ ಮಂಡಿಯೂರಿ, ಕೆನ್ನೆ ನೆಲಕ್ಕೆ ಹಚ್ಚಿ ಹುಡುಕಿದರು. ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಇದೇ ಇರಬೇಕು ಎಂದು ನೊಬುಕೊಗೆ ಅನ್ನಿಸಿ ಖುಷಿಯೂ ಆಯಿತು. ಕೊನೆಗೆ ಎಲ್ಲ ಸೇರಿಸಿ ಮುಚ್ಚಿದಾಗ ಒಂದು ಸ್ಕ್ರೂ ಹೊರಗೇ ಉಳಿದಿತ್ತು. ತೆಯಿಜಿಯವರು ಅದನ್ನು ಬೆಳಕಿಗೆ ಹಿಡಿದು, "ಕಾರ್ಖಾನೆಯವರು ಹೆಚ್ಚಿಗೆ ಹಾಕಿರ್ತಾರೆ," ಎಂದು ಜೇಬಿಗಿಳಿಸಿದರು.

ಗಡಿಯಾರ ಟಿಕ್ ಟಿಕ್ ಎಂದದ್ದೇನೋ ನಿಜ. ಆದರೆ ಸಂಜೆ ನೊಬುಕೊ ಮೀನಂಗಡಿಗೆ ಹೋದಾಗ, ಅವಳ ಕೈ ಗಡಿಯಾರದ ಲೆಕ್ಕದಲ್ಲಿ ಅಂಗಡಿ ಮುಚ್ಚಿ ಮೀನಿನವನು ಊಟಕ್ಕೆ ಕೂತಿರಬೇಕಿತ್ತು. ಅವನು ನೋಡಿದರೆ ಆಗತಾನೆ ಮೀನಿನ ಮೇಲೆ ಐಸು ಸುರಿಯುತ್ತಿದ್ದ. ಮನೆಗೆ ಬಂದರೆ ತೆಯಿಜಿಯವರು ಬಾಗಿಲಲ್ಲೇ ನಿಂತಿದ್ದರು.

"ಹೇಗೆ ನಡೀತಿದೆ?"

ಮದುವೆಯಾದಂದಿನಿಂದ ಆ ಮುಖದಲ್ಲಿ ಅಷ್ಟು ಆಸೆಯನ್ನು ನೊಬುಕೊ ಕಂಡಿರಲಿಲ್ಲ. "ತುಂಬಾ ಸರಿಯಾಗಿ ನಡೀತಿದೆ ರೀ. ನಿಮ್ಮ ದಯೆ," ಎಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಆಮೇಲೆ ಆ ಮದುವೆ ಉಳಿಸಿಕೊಳ್ಳೋಕೆ ಇನ್ನೆಷ್ಟು ಹೇಳಬೇಕು ಅಂತ ಯಾರೂ ಹೇಳಿಲ್ಲ.

ಆ ಒಂದು ಮಾತು ಬೀದಿಗಿಳಿಯಿತು. ಬೀದಿ ಸಂಘದ ಅಧ್ಯಕ್ಷ ಮುರೊತಾ ಅವರು, ಬೆಳಗಿನ ರೇಡಿಯೋ ವ್ಯಾಯಾಮದಲ್ಲಿ ಕೈಕಾಲು ಬೀಸುತ್ತಾ, ತಮ್ಮದೂ ಒಂದು ಹಳೆಯ ಗಡಿಯಾರವಿದೆ ಎಂದು ಬಾಯಿತಪ್ಪಿ ಅಂದುಬಿಟ್ಟರು. ಅಂದೇ ತೆಯಿಜಿಯವರು ಅವರ ಮನೆಬಾಗಿಲಲ್ಲಿ ಪ್ರತ್ಯಕ್ಷ. ಬೇಡ ಅನ್ನುವುದು ಹೇಗೆ? ಕೊಟ್ಟರು. ವಾರದ ಮೇಲೆ ತಿರುಗಿ ಬಂದ ಗಡಿಯಾರ ಅಧ್ಯಕ್ಷರನ್ನು ಸಭೆಗೆ ಎಲ್ಲರಿಗಿಂತ ಬಹಳ ಮುಂಚೆ ಕರೆದೊಯ್ದು ಖಾಲಿ ಕೋಣೆಯಲ್ಲಿ ಕೂರಿಸಿತು.

"ಹೇಗೆ ನಡೀತಿದೆ, ಮುರೊತಾ-ಸಾನ್?"

"ಅಬ್ಬಬ್ಬಾ! ಸೆಕೆಂಡೂ ಆಚೀಚೆ ಇಲ್ಲ. ನೀವು ಇನ್ಮೇಲೆ ಬರೀ ಕೊಮೋರಿ-ಸಾನ್ ಅಲ್ಲ, ಸೆನ್ಸೇ!"

ಸಾನ್ ಎಂಬುದು ಯಾರ ಹೆಸರಿಗೂ ಹಚ್ಚುವ 'ಅವರೇ', ಸೆನ್ಸೇ ಎಂಬುದು ಮೇಷ್ಟರಿಗೆ, ಡಾಕ್ಟರಿಗೆ ಸಲ್ಲುವ ಮಾತು. ಅಷ್ಟು ವರ್ಷ ಕಂಪನಿಯಲ್ಲಿ ದುಡಿದರೂ ಯಾರ ಬಾಯಲ್ಲೂ ಬಾರದ 'ಸೆನ್ಸೇ' ಒಂದು ಕೆಟ್ಟ ಗಡಿಯಾರದಿಂದ ಬಂತು. ತೆಯಿಜಿಯವರ ನಡಿಗೆಯೇ ಬದಲಾಯಿತು.

ಪುಕ್ಕಟೆ ರಿಪೇರಿ ಅಂದಮಾತ್ರಕ್ಕೆ ಪುಕ್ಕಟೆ ಆಗುವುದುಂಟೇ? ಉಪಕಾರ ಪಡೆದವರು ಬರಿಗೈಲಿ ಇರುವಂತಿಲ್ಲ. ಮುರೊತಾ ಅವರ ಹೆಂಡತಿ ಹೂರಣದ ಮಿಠಾಯಿಯ ಡಬ್ಬಿ ತಂದರು. ಅದಕ್ಕೆ ಪ್ರತಿಯಾಗಿ ನೊಬುಕೊ ಹಸಿರು ಚಹಾ ಕೊಟ್ಟು ಬಂದಳು. ಚಹಾಕ್ಕೆ ಪ್ರತಿಯಾಗಿ ಅವರು ಕಾಕಿ ಹಣ್ಣು ತಂದರು. ಅಷ್ಟರಲ್ಲಿ ತೋಫು ಅಂಗಡಿಯ ಅದಾಚಿಯವರ ಗಡಿಯಾರ, ಮೂಲೆಮನೆಯ ಇವಾಸೆ ಅಜ್ಜಿಯ ಗಡಿಯಾರ, ಹೀಗೆ ಬೀದಿಗೆ ಬೀದಿಯೇ ರಿಪೇರಿಯಾಯಿತು. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಕಾಸು ಕೊಟ್ಟು ಮಾಡಿಸಿದ್ದರೆ ಇದರ ಅರ್ಧಕ್ಕೆ ಮುಗಿಯುತ್ತಿತ್ತು. ಆದರೆ ಅಲ್ಲಿಗೆ ಹೋದದ್ದು ಸೆನ್ಸೇ ಕಿವಿಗೆ ಬಿದ್ದರೆ? ಯಾರೂ ಹೋಗಲಿಲ್ಲ.

ತೆಯಿಜಿಯವರ ಕೈಯಿಂದ ಹೊರಬಿದ್ದ ಗಡಿಯಾರಗಳಿಗೆಲ್ಲ ಒಂದೇ ಚಾಳಿ, ಓಡುವುದು. ಒಂದು ಸ್ವಲ್ಪ ಓಡಿದರೆ ಇನ್ನೊಂದು ಬಾಲಕ್ಕೆ ಬೆಂಕಿ ಹಚ್ಚಿದ ಹಾಗೆ ಓಡುತ್ತಿತ್ತು. ಜನ ಬದುಕಬೇಕಲ್ಲ, ಬಸ್ಸು ಹಿಡಿಯಬೇಕಲ್ಲ. ಉಪಾಯ ಕಂಡುಹಿಡಿದದ್ದು ಅದಾಚಿಯವರು. ಮಣಿಕಟ್ಟಿನಲ್ಲಿ ಸೆನ್ಸೇ ರಿಪೇರಿಯದು, ಅಂಗಿ ತೋಳಿನೊಳಗೆ ಮೊಣಕೈ ಹತ್ತಿರ ಬ್ಯಾಟರಿಯದು. ನೋಡುನೋಡುತ್ತಿದ್ದಂತೆ ಬೀದಿಯವರೆಲ್ಲ ಹಾಗೇ ಮಾಡಿದರು. ಒಬ್ಬರಿಗೊಬ್ಬರು ಹೇಳಿಕೊಂಡದ್ದು ಮಾತ್ರ ಇಲ್ಲ. ಬಸ್‌ಸ್ಟಾಪಿನಲ್ಲಿ ಪಕ್ಕದವರು ಮೊಣಕೈ ಕೆರೆದುಕೊಂಡರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ತೆಯಿಜಿಯವರಿಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಹೇಗೆ ಬಂದೀತು? ಅವರು ಆಫೀಸಿನ ಮನುಷ್ಯ. ಸಿಮೆಂಟು ಹೇಗಿದೆ ಎಂದು ಒಂದು ದಿನವೂ ಮುಟ್ಟಿ ನೋಡಿದವರಲ್ಲ. ಸಿಮೆಂಟು ಚೆನ್ನಾಗಿದೆ ಎಂದು ಕೆಳಗಿನವರು ವರದಿ ಕೊಡುತ್ತಿದ್ದರು, ಇವರು ಮುದ್ರೆ ಒತ್ತಿ ಮೇಲಕ್ಕೆ ಕಳಿಸುತ್ತಿದ್ದರು. ಈಗಲೂ ವರದಿಗಳು ಬರುತ್ತಿದ್ದವು, ಎಲ್ಲವೂ ಚೆನ್ನಾಗಿದ್ದವು.

ಎರಡನೇ ವರ್ಷದ ಶರತ್ಕಾಲದಲ್ಲಿ, ಊರಿನ ಸರೋವರದ ಕಪ್ಪೆಚಿಪ್ಪಿನ ಸಾರು ಹೀರುತ್ತಾ ತೆಯಿಜಿಯವರು ಹೇಳಿದರು: "ಇವಳೇ, ಮೂಲೆಯ ಕೊಡೆ ಅಂಗಡಿ ಖಾಲಿಯಾಗಿದೆಯಲ್ಲ, ಅದನ್ನ ತಗೊಳ್ತಿದ್ದೀನಿ. 'ಕೊಮೋರಿ ಗಡಿಯಾರ ಆಸ್ಪತ್ರೆ' ಅಂತ ಹೆಸರು. ಜನ ಇಷ್ಟು ನಂಬಿದ್ದಾರೆ, ಇನ್ನೂ ಅಡುಗೆಮನೆ ಪಕ್ಕ ಕೂತು ಮಾಡಿದ್ರೆ ಅವರಿಗೇ ಅವಮಾನ."

"ದುಡ್ಡು?"

"ನಿವೃತ್ತಿ ದುಡ್ಡು ಇದೆಯಲ್ಲ. ಮುಂದಿನ ವಾರ ಸಹಿ."

ನೊಬುಕೊ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಸಾಯುವವರೆಗೆ ಇಬ್ಬರೂ ಅನ್ನ ತಿನ್ನಬೇಕಾದ ದುಡ್ಡು ಅದು. ಅವಳು ಅವತ್ತು ಬಾಗಿಲಲ್ಲಿ ಹೇಳಿದ ಒಂದು ಒಳ್ಳೆಯ ಮಾತು ಈಗ ಆ ದುಡ್ಡನ್ನೆಲ್ಲ ನುಂಗಲು ಬಾಯಿ ತೆರೆದು ಕೂತಿತ್ತು. ಯಾರಾದರೂ ಅವರಿಗೆ ನಿಜ ಹೇಳಲೇಬೇಕು, ಅದೂ ಈ ವಾರದೊಳಗೆ. ತಾನು? ಅದೊಂದು ಆಗದ ಮಾತು.

ಮಾರನೆಯ ದಿನವೇ ಮುರೊತಾ ಅವರ ಮನೆಗೆ ಹೋದಳು. ಅದಾಚಿಯವರೂ ಅಲ್ಲೇ ಇದ್ದರು. ಚಹಾ ಬಂತು, ಮಿಠಾಯಿ ಬಂತು, ಹವಾಮಾನದ ಮಾತಾಯಿತು, ಮತ್ತೆ ಚಹಾ ಬಂತು. ನೊಬುಕೊ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿ ವಿಷಯ ಹೇಳಿದಳು.

ಮುರೊತಾ ಅವರು ತಲೆ ಕೆರೆದುಕೊಂಡರು. "ಅಧ್ಯಕ್ಷನಾಗಿ ನಾನು ಹೇಳಿದ್ರೆ ಇಡೀ ಸಂಘವೇ ಹೇಳಿದ ಹಾಗಾಗುತ್ತಲ್ಲ. ಅಷ್ಟು ದೊಡ್ಡ ಪೆಟ್ಟು ಕೊಡೋದಾ? ನೀವು ಮನೆಯವರು, ನೀವೇ ಮೆಲ್ಲಗೆ..."

"ನಾನು ಹೇಳಿದ್ರೆ ಎರಡು ವರ್ಷ ಸುಳ್ಳು ಹೇಳಿದೆ ಅಂತಾಗುತ್ತಲ್ಲ."

"ನಾವು ಹೇಳಿದ್ರೂ ಹಾಗೇ ಆಗುತ್ತಲ್ಲಮ್ಮ."

ಅದಾಚಿಯವರಿಗೆ ತಡೆಯಲಾಗಲಿಲ್ಲ. ತೋಫು ಮಾರುವವರು, ನೇರ ಮಾತಿನವರು ಎಂದು ಹೆಸರಾದವರು. "ಬಿಡಿ, ನಾನು ಹೇಳ್ತೀನಿ. ಹೋಗೋದು, 'ಸೆನ್ಸೇ, ನಿಮ್ಮ ಗಡಿಯಾರ ಓಡ್ತಾ ಇದೆ' ಅನ್ನೋದು, ಬರೋದು. ಇದರಲ್ಲೇನಿದೆ ಅಂಥಾದ್ದು?" ಎಂದು ಎದ್ದೇ ಬಿಟ್ಟರು. ಉಳಿದವರು ಉಸಿರು ಹಿಡಿದು ಕಾದರು. ಚಹಾ ಆರುವ ಹೊತ್ತಿಗೆ ಅದಾಚಿಯವರು ತಿರುಗಿ ಬಂದರು. ಮುಖ ಬೆವೆತಿತ್ತು.

"ಹೇಳಿದ್ರಾ?"

"ಹೇಳಿದೆ. ಓಡ್ತಾ ಇದೆ ಅಂದೆ. ಅವರು ನನ್ನ ಎರಡೂ ಕೈ ಹಿಡ್ಕೊಂಡು, 'ನಿಂತದ್ದು ಓಡೋ ಹಾಗಾಯ್ತಲ್ಲ, ಇಷ್ಟು ಸಾಕು ನನ್ನ ಬಾಳಿಗೆ' ಅಂದ್ರು. ಕಣ್ಣಲ್ಲಿ ನೀರು."

"ಆಮೇಲೆ?"

"ಆಮೇಲೆ... ನಮ್ಮಪ್ಪನ ಗಡಿಯಾರಾನೂ ರಿಪೇರಿಗೆ ಕೊಟ್ಟು ಬಂದೆ."

ನೊಬುಕೊಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದೆವ್ವ ಬಿಡಿಸಲು ಹೋದವನನ್ನೇ ದೆವ್ವ ಹಿಡಿದ ಕತೆ ಅವಳು ಕೇಳಿದ್ದಳು, ಅಂದು ಕಣ್ಣಾರೆ ಕಂಡಳು.

ಸಹಿ ಹಾಕುವ ದಿನಕ್ಕೆ ಮುಂಚೆ ಬೀದಿಯ ವಾರ್ಷಿಕ ಆರೋಗ್ಯ ತಪಾಸಣೆ ಬಂತು. ಸಮುದಾಯ ಭವನದಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು, ಮೂತ್ರದ ಸೀಸೆ ಹಿಡಿದು ಸಾಲು ನಿಂತರು. ಸೀಸೆ ತರಲು ಎಲ್ಲರಿಗೂ ನೆನಪಿತ್ತು, ತೋಳಿನ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾಗಿಯೂ ಇರಲಿಲ್ಲ. ಹಳೆಯ ನರ್ಸಮ್ಮ ಪ್ರತಿವರ್ಷ ಬಲಗೈಗೇ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿದ್ದಳು. ಈ ಸಲ ಬಂದವಳು ಹೊಸಬಳು. ಮೇಜನ್ನು ಗೋಡೆಗೆ ಒತ್ತರಿಸಿ ಕೂತು, "ಎಡಗೈ ಕೊಡಿ. ಅಂಗಿ ತೋಳು ಪೂರ್ತಿ ಮೇಲೆ ಮಡಚಿ," ಎಂದಳು.

ಮೊದಲಿಗರು ಅಧ್ಯಕ್ಷರು. ಅಭ್ಯಾಸಬಲದಿಂದ ಬಲಗೈ ಮುಂದೆ ಚಾಚಿದರು.

"ಎಡಗೈ, ತಾತ."

"ಬಲಗೈ ಆಗಲ್ವಾ? ಬಲಗೈ ರಕ್ತ ಒಳ್ಳೇದಿದೆ."

ನರ್ಸ್ ನಕ್ಕು ತಾನೇ ತೋಳು ಮಡಚಿದಳು. ಮಣಿಕಟ್ಟಿನಲ್ಲಿ ತೆಯಿಜಿಯವರು ರಿಪೇರಿ ಮಾಡಿದ ಬೆಳ್ಳಿ ಬಣ್ಣದ್ದು ಕಂಡಿತು. ಇನ್ನೂ ಮಡಚಿದಳು. ಮೊಣಕೈ ಹತ್ತಿರ ಕಪ್ಪು ಪ್ಲಾಸ್ಟಿಕ್ಕಿನದು ಹೊರಬಂತು.

"ಇದೇನಿದು, ಎರಡು ಕಟ್ಟಿದ್ದೀರಾ?"

"ಅದು... ಒಂದೇ ಇದ್ರೆ ಪಾಪ, ಜೊತೆಗೊಂದು ಇರಲಿ ಅಂತ," ಎಂದರು ಮುರೊತಾ.

ಮುಂದೆ ಅದಾಚಿಯವರು. ಅವರ ತೋಳಲ್ಲೂ ಎರಡು. ಅವರ ಹಿಂದೆ ಇವಾಸೆ ಅಜ್ಜಿ. ಅಜ್ಜಿಯ ಒಣಗಿದ ತೋಳಿನಲ್ಲಿ ಎರಡನೆಯದು ಜಾರದಂತೆ ದಾರದಿಂದ ಬಿಗಿದು ಕಟ್ಟಲಾಗಿತ್ತು. "ನಂಗೆ ಮರೆವು ನೋಡಮ್ಮ, ಒಂದನ್ನ ಮರೆತ್ರೆ ಇನ್ನೊಂದಿರುತ್ತೆ," ಎಂದಿತು ಅಜ್ಜಿ. ನರ್ಸ್ ಹೊಸಬಳು, ಬೇರೆ ಊರಿನವಳು. ಅವಳಿಗೆ ಇದು ಬಲು ಮಜವೆನಿಸಿತು. "ಈ ಬೀದಿಯಲ್ಲಿ ಇದೇನು ಪದ್ಧತೀನಾ? ಅಯ್ಯೋ ನೋಡಿ, ಎಲ್ಲರದ್ದೂ ಮೇಲಿನದು ಒಂದೇ ಟೈಮು ತೋರಿಸ್ತಿದೆ, ಕೆಳಗಿನದು ಒಂದೊಂದು ಒಂದೊಂದು!" ಎಂದು ಭವನಕ್ಕೆಲ್ಲ ಕೇಳುವಂತೆ ನಕ್ಕಳು.

ಬೇರೆ ಯಾರೂ ನಗಲಿಲ್ಲ. ಸಾಲಿನ ಹಿಂದೆ ತೆಯಿಜಿಯವರು ನಿಂತಿದ್ದರು. ಬೀದಿಯ ಜನರೆಲ್ಲ ತಮ್ಮ ತಮ್ಮ ಕಾಲ್ಚೀಲ ನೋಡುತ್ತಾ ನಿಂತರು. ತೆಯಿಜಿಯವರು ಒಂದೊಂದೇ ತೋಳನ್ನು ನಿಧಾನವಾಗಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆಫೀಸಿನ ದನಿಯಲ್ಲಿ ಹೇಳಿದರು:

"ನಾನೇ ಹೇಳಿದ್ದು, ನರ್ಸಮ್ಮ. ಹಳೇ ಗಡಿಯಾರ ನೋಡಿ, ಹೊಸದರ ಜೊತೆ ಹೋಲಿಸಿ ಪರೀಕ್ಷೆ ಮಾಡ್ಬೇಕು. ಇವರೆಲ್ಲ ನನಗೆ ಸಹಾಯ ಮಾಡ್ತಿದ್ದಾರೆ. ಬಹಳ ಉಪಕಾರ."

ಇಡೀ ಸಾಲು ಅವರಿಗೆ ಬಗ್ಗಿ ನಮಸ್ಕರಿಸಿತು. ಅವರೂ ಬಗ್ಗಿದರು. ನೊಬುಕೊ ಮೆಲ್ಲಗೆ ಸಾಲು ಬಿಟ್ಟು ಬಾಗಿಲ ಕಡೆ ಹೆಜ್ಜೆ ಹಾಕಿದ್ದಳು. "ಕೊಮೋರಿ ನೊಬುಕೊ-ಸಾನ್!" ಎಂದು ನರ್ಸ್ ಕೂಗಿದಳು. ನೊಬುಕೊ ಬಂದು ಕೂತಳು, ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡಳು. ನರ್ಸ್ ಕಾದಳು.

"ಇವಳೇ, ತೋಳು ಮಡಚು," ಎಂದರು ತೆಯಿಜಿಯವರು.

ಅವಳು ಮಡಚಿದಳು. ಹುಣಸೆ ಬೀಜದಷ್ಟು ಪುಟ್ಟದರ ಮೇಲೆ, ಮೊಣಕೈ ಹತ್ತಿರ, ಸಂತೆಯಲ್ಲಿ ಕೊಂಡ ಅಗ್ಗದ ಬ್ಯಾಟರಿ ಗಡಿಯಾರ ಇತ್ತು. ಅದರ ಪಟ್ಟಿಯ ಅಂಚಿನಲ್ಲಿ ಚರ್ಮ ತಗ್ಗುಬಿದ್ದು ಕಪ್ಪಾಗಿತ್ತು, ಬಹಳ ದಿನದಿಂದ ಕಟ್ಟಿದ್ದು ಯಾರಿಗಾದರೂ ಗೊತ್ತಾಗುವಂತಿತ್ತು. ತೆಯಿಜಿಯವರು ನೋಡಿದರು. ಆಮೇಲೆ ಗೋಡೆಯ ಮೇಲಿನ ಹಲ್ಲು ತಿಕ್ಕುವ ವಿಧಾನದ ಚಿತ್ರವನ್ನು ಓದತೊಡಗಿದರು. ನೊಬುಕೊಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ರಕ್ತದೊತ್ತಡ ವಿಪರೀತ ಬಂತು, ನರ್ಸ್ ಸ್ವಲ್ಪ ಮಲಗಿರಲು ಹೇಳಿದಳು.

ಮನೆಗೆ ಬಂದ ತೆಯಿಜಿಯವರು ಚಿಮಟ, ಸ್ಕ್ರೂ ಡ್ರೈವರ್ ಎಲ್ಲ ಒರೆಸಿ ಡ್ರಾಯರಿಗೆ ಹಾಕಿದರು. ಮಾರನೆಯ ದಿನ ಕೊಡೆ ಅಂಗಡಿಯ ಯಜಮಾನನ ಬಳಿಗೆ ಹೋಗಿ, ಕಣ್ಣಿಗೆ ಪೊರೆ ಬರುತ್ತಿದೆ, ಸೂಕ್ಷ್ಮ ಕೆಲಸ ಮಾಡಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಕ್ಷಮಿಸಬೇಕು ಎಂದು ಬಂದರು. ಡಾಕ್ಟರ ಹತ್ತಿರ ಅವರು ಹೋಗಿರಲೇ ಇಲ್ಲ. ಬೀದಿಯವರು ಸುಳ್ಳರು ಎಂದು ಹೇಳದೆ ಅಂಗಡಿ ಬಿಡಬೇಕಿತ್ತು, ಅದಕ್ಕೆ ತಮ್ಮ ಕಣ್ಣನ್ನೇ ಕೊಟ್ಟರು. ದುಡ್ಡು ಉಳಿಯಿತು. ಉಳಿದದ್ದಕ್ಕೆ ನೊಬುಕೊ ಸಂತೋಷಪಡಲು ನೋಡಿದಳು, ಆಗಲಿಲ್ಲ.

ಇನ್ನು ಬೀದಿ ಸುಮ್ಮನಿದ್ದೀತೇ? ಎಲ್ಲರಿಗೂ ಎದೆಯ ಮೇಲಿನ ಕಲ್ಲು ಇಳಿದಿತ್ತು, ಆ ಸಂತೋಷಕ್ಕೆ ದುಃಖದ ಉಡುಗೊರೆಗಳು ಹರಿದು ಬಂದವು. ಕಣ್ಣಿಗೆ ಒಳ್ಳೆಯದೆಂದು ಹಾವುಮೀನಿನ ಲಿವರ್, ಗಜ್ಜರಿ, ಗೋಜಿ ಹಣ್ಣು. ಅವಕ್ಕೆಲ್ಲ ನೊಬುಕೊ ಮತ್ತೆ ಪ್ರತಿ ಕೊಟ್ಟು ಬರಬೇಕಾಯಿತು. ರಸ್ತೆ ದಾಟುವಾಗ ಅದಾಚಿಯವರು ಓಡಿ ಬಂದು ಕೈ ಹಿಡಿಯುತ್ತಿದ್ದರು. "ಹುಷಾರು ಸೆನ್ಸೇ, ಮೆಟ್ಟಿಲು, ಮೆಟ್ಟಿಲು." ದೂರದ ಬಸ್ಸಿನ ನಂಬರ್ ಚೆನ್ನಾಗಿ ಕಾಣುತ್ತಿದ್ದರೂ ತೆಯಿಜಿಯವರು, "ಯಾವ ಬಸ್ಸು ಬಂತಪ್ಪ?" ಎಂದು ಕೇಳಬೇಕಾಯಿತು. ಪಾರ್ಕಿನ ಬೆಂಚಿನಲ್ಲಿ ಕೂತು ಪೇಪರು ಓದುವ ಸುಖವೂ ಹೋಯಿತು.

ಮನೆಯೊಳಗೆ, ಬಾಗಿಲು ಹಾಕಿಕೊಂಡು, ಅವರು ಮತ್ತೆ ಗಡಿಯಾರ ಬಿಚ್ಚಿ ಕೂತರು. ಈ ಸಲ ಯಾರನ್ನೂ ಏನೂ ಕೇಳಲಿಲ್ಲ. ಫೋನಿನಲ್ಲಿ ಸಮಯ ಹೇಳುವ ನಂಬರೊಂದಿದೆಯಲ್ಲ, ಅದಕ್ಕೆ ಮತ್ತೆ ಮತ್ತೆ ಫೋನ್ ಮಾಡಿ ಹೋಲಿಸಿದರು. ಇಡೀ ಮಾತ್ಸುಯೆಯಲ್ಲಿ ಅವರಿಗೆ ಮುಖಸ್ತುತಿ ಮಾಡದ ಹೆಂಗಸು ಆ ಫೋನಿನವಳೊಬ್ಬಳೇ. ರಿಪೇರಿಯಾದದ್ದನ್ನೆಲ್ಲ ತಾವು ಎರಡು ವರ್ಷ ಮೇಜಿನ ಮೇಲಿನ ದೊಡ್ಡ ರೇಡಿಯೋದ ಸ್ಪೀಕರಿಗೆ ಒರಗಿಸಿ ಇಡುತ್ತಿದ್ದದ್ದು, ಅದರೊಳಗಿನ ಅಯಸ್ಕಾಂತದ ಗಾಳಿ ತಗುಲಿ ಕೂದಲೆಳೆಯಂಥ ಸ್ಪ್ರಿಂಗುಗಳ ಸುತ್ತುಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗು ಗಿಡ್ಡವಾದದ್ದು, ಗಡಿಯಾರಗಳು ಓಡಿದ್ದು ಅದಕ್ಕೇ ಎಂಬುದು ಅವರಿಗೆ ಆಗ ತಿಳಿಯಿತು. ರೇಡಿಯೋ ಅಟ್ಟಕ್ಕೇರಿತು. ಅಯಸ್ಕಾಂತ ಬಿಡಿಸುವ ಪುಟ್ಟ ಪೆಟ್ಟಿಗೆ ಬಂತು. ತಲೆಗೆ ಹಚ್ಚುವಂತೆ ಹಚ್ಚಿದ್ದ ಎಣ್ಣೆಯನ್ನೆಲ್ಲ ತೊಳೆದು ಸೂಜಿಮೊನೆಯಷ್ಟು ಹಚ್ಚಿದರು. ಹೊರಗುಳಿದಿದ್ದ ಸ್ಕ್ರೂ ಕೂಡ ಎಲ್ಲಿಯದೆಂದು ಗೊತ್ತಾಗಿ ಒಳಗೆ ಹೋಯಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನೊಬುಕೊಗೆ, ಈ ಮನುಷ್ಯ ಈಗ ನಿಜಕ್ಕೂ ಕಲಿಯುತ್ತಿದ್ದಾನೆ ಎನ್ನುವುದು ಬೆನ್ನು ನೋಡಿಯೇ ತಿಳಿಯಿತು.

ಚಳಿಯ ಕೊನೆಗೆ ಒಂದು ಬೆಳಿಗ್ಗೆ ಅವಳ ಪುಟ್ಟ ಗಡಿಯಾರ ಅವಳ ಚಹಾ ಬಟ್ಟಲಿನ ಪಕ್ಕ ಇತ್ತು. "ಮೇಜಿನ ಮೇಲೆ ಪರವಾಗಿಲ್ಲ. ಆದ್ರೆ ಕೈಮೇಲೆ ಹೇಗೋ ಗೊತ್ತಿಲ್ಲ," ಎಂದಷ್ಟೇ ಹೇಳಿ ಅವರು ಎದ್ದು ಹೋದರು.

ನೊಬುಕೊ ಅದನ್ನು ಕಟ್ಟಿಕೊಂಡೇ ಅಡುಗೆ ಮಾಡಿದಳು, ಗುಡಿಸಿದಳು, ಮಾರುಕಟ್ಟೆಗೆ ಹೋದಳು. ಸ್ಟೇಷನ್ನಿನ ಗಡಿಯಾರದ ಕೆಳಗೆ ನಿಂತು ನೋಡಿದಳು. ಅವರು ಸ್ನಾನದ ಮನೆಗೆ ಹೋದಾಗ ಕದ್ದು ಫೋನ್ ಮಾಡಿ ನೋಡಿದಳು. ಮರುದಿನವೂ ನೋಡಿದಳು, ಅದರ ಮರುದಿನವೂ. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ, ಪೇಪರು ಓದುತ್ತಿದ್ದವರ ಎದುರು ಹೋಗಿ ನಿಂತಳು.

"ರೀ, ಸರಿಯಾಗಿ ನಡೀತಿದೆ! ಒಂಚೂರೂ ಹೆಚ್ಚುಕಮ್ಮಿ ಇಲ್ಲ!"

ತೆಯಿಜಿಯವರು ಪೇಪರು ಮಡಚಿ, ಬಗ್ಗಿ ನಮಸ್ಕರಿಸಿದರು. "ಹೌದಾ? ಬಹಳ ಸಂತೋಷ. ಬಹಳ ಉಪಕಾರ," ಎಂದರು. ಸಮುದಾಯ ಭವನದಲ್ಲಿ ಸಾಲಿನವರಿಗೆ ಹೇಳಿದ ಅದೇ ದನಿ. ಅವರ ಕಣ್ಣು ಒಂದು ಕ್ಷಣ ಅವಳ ಅಂಗಿ ತೋಳಿನ ಮೇಲೆ ನಿಂತು ಹೊರಳಿತು.

"ನಿಜವಾಗ್ಲೂ ರೀ! ನೋಡಿ, ಬೇರೇದು ಕಟ್ಟಿಲ್ಲ!" ನೊಬುಕೊ ತೋಳನ್ನು ಭುಜದವರೆಗೆ ಏರಿಸಿದಳು. ಓಡಿಹೋಗಿ ಫೋನಿನ ಬಳಿ ನಂಬರ್ ತಿರುಗಿಸಿ, ರಿಸೀವರನ್ನು ಅವರ ಕಡೆ ಚಾಚಿದಳು. "ಕೇಳಿ, ನೀವೇ ಕೇಳಿ ನೋಡಿ!" ಅವಳ ಕಣ್ಣು ತುಂಬಿತ್ತು.

ತೆಯಿಜಿಯವರು ಎದ್ದು ಬಂದರು. ಕೇಳಿದರೆ ಹೆಂಡತಿಯ ಮಾತನ್ನು ಪರೀಕ್ಷೆ ಮಾಡಿದಂತಾಗುತ್ತದೆ, ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಅವರು ರಿಸೀವರನ್ನು ಅವಳ ಕೈಯಿಂದ ತೆಗೆದುಕೊಂಡು, ಕಿವಿಗೆ ಹಿಡಿಯದೆ, ಮೆಲ್ಲಗೆ ಕೆಳಗಿಟ್ಟರು.

"ಛೆ, ಛೆ. ನಿನ್ನ ಮಾತೇ ಸಾಕು," ಎಂದು ಅವಳ ಅಂಗಿ ತೋಳನ್ನು ಮಣಿಕಟ್ಟಿನವರೆಗೂ ತಾವೇ ಇಳಿಸಿ ಗುಂಡಿ ಹಾಕಿದರು. "ಚಳಿ ಇದೆ, ಮುಚ್ಚಿಕೋ."